ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿಯ ಹಳೆಯ ಚಿತ್ರಮಂದಿರಗಳು: ಭೇಟಿ, ದಾಖಲಾತಿ ಹಾಗೂ ಸಂರಕ್ಷಣೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಬಾಗಲಕೋಟೆ ಜಿಲ್ಲೆಗೆ ಭೇಟಿ ನೀಡುವವರು ಸಾಮಾನ್ಯವಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ದೇವಾಲಯಗಳನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಜಿಲ್ಲೆಯ ಪಶ್ಚಿಮ ಭಾಗದ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ–ಬನಹಟ್ಟಿ ಪಟ್ಟಣಗಳಿಗೆ ಇನ್ನೊಂದು ಬಗೆಯ ಚರಿತ್ರೆಯೂ ಇದೆ. ನೇಕಾರರು, ಒಕ್ಕಲಿಗರು, ಸಂತೆಗೆ ಬಂದ ಹಳ್ಳಿಯ ಜನರು ಒಂದೇ ಸೂರಿನಡಿ ಕುಳಿತು ನಾಟಕ ಹಾಗೂ ಚಲನಚಿತ್ರಗಳನ್ನು ನೋಡಿದ ಚರಿತ್ರೆ ಅದು. ಆ ಚರಿತ್ರೆಗೆ ಉಳಿದಿರುವ ಕಣ್ಣಿಗೆ ಕಾಣುವ ಸಾಕ್ಷಿಯೆಂದರೆ ಜನರು ಟಾಕೀಸು ಎಂದೇ ಕರೆಯುವ ಹಳೆಯ ಏಕಪರದೆ ಚಿತ್ರಮಂದಿರಗಳು.

ಇವು ಬಹುತೇಕ ಖಾಸಗಿ ಸ್ವತ್ತುಗಳು. ಕೋಟೆ, ದೇವಾಲಯ, ಶಾಸನಗಳಿಗೆ ದೊರೆಯುವ ಕಾನೂನಿನ ರಕ್ಷಣೆ ಇವುಗಳಿಗೆ ತಾನಾಗಿ ದೊರೆಯುವುದಿಲ್ಲ. ಪ್ರದರ್ಶನ ನಿಂತ ಕಟ್ಟಡವು ಗೋದಾಮು, ಕಲ್ಯಾಣ ಮಂಟಪ ಅಥವಾ ವಾಣಿಜ್ಯ ಸಂಕೀರ್ಣವಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. ಆದುದರಿಂದ ಇಂತಹ ಕಟ್ಟಡಗಳನ್ನು ನೋಡಬಯಸುವ ಪ್ರವಾಸಿಗರು, ದಾಖಲಿಸಬಯಸುವ ವಿದ್ಯಾರ್ಥಿಗಳು ಮತ್ತು ಉಳಿಸಿಕೊಳ್ಳಬಯಸುವ ಮಾಲೀಕರು ಯಾವ ಕಚೇರಿಗೆ, ಯಾವ ವಿಷಯಕ್ಕಾಗಿ ಅರ್ಜಿ ಸಲ್ಲಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಐತಿಹಾಸಿಕ ಹಿನ್ನೆಲೆ

ಈ ನಾಲ್ಕು ಸ್ಥಳಗಳು ಇಂದು ಒಂದೇ ಜಿಲ್ಲೆಯಲ್ಲಿದ್ದರೂ ಸ್ವಾತಂತ್ರ್ಯಪೂರ್ವದಲ್ಲಿ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನದ ರಾಜಧಾನಿಯಾಗಿತ್ತು. ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ರಬಕವಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯು ಬ್ರಿಟಿಷ್ ಆಡಳಿತದ ಬಿಜಾಪುರ ಜಿಲ್ಲೆಯಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಈ ಪ್ರದೇಶವು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಿಜಾಪುರ ಜಿಲ್ಲೆಯನ್ನು ವಿಭಜಿಸಿ ಬಾಗಲಕೋಟೆ ಜಿಲ್ಲೆಯನ್ನು ರಚಿಸಲಾಯಿತು. ರಬಕವಿ–ಬನಹಟ್ಟಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು.

ಈ ವಿವರಗಳು ಕೇವಲ ಚರಿತ್ರೆಯ ವಿಷಯವಲ್ಲ. ಒಂದು ಚಿತ್ರಮಂದಿರದ ಹಳೆಯ ಕಾಗದಪತ್ರಗಳು ಯಾವ ಊರಿನ ಯಾವ ಕಪಾಟಿನಲ್ಲಿ ದೊರೆಯಬಹುದು ಎಂಬುದು ಇದರಿಂದಲೇ ನಿರ್ಧಾರವಾಗುತ್ತದೆ. (ಇದರ ವಿವರವನ್ನು 6ನೇ ಭಾಗದಲ್ಲಿ ನೀಡಲಾಗಿದೆ.)

ಚಲನಚಿತ್ರ ಬರುವ ಮೊದಲೇ ಈ ಭಾಗದಲ್ಲಿ ಪ್ರೇಕ್ಷಕರ ದೊಡ್ಡ ಸಮುದಾಯವೊಂದು ಸಿದ್ಧವಾಗಿತ್ತು. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟ ಪ್ರಕಾರವು ಇದೇ ಸೀಮೆಯದು. ಮರಾಠಿ ಸಂಗೀತ ನಾಟಕಗಳು ಸಾಂಗ್ಲಿ, ಕೊಲ್ಹಾಪುರಗಳ ಕಡೆಯಿಂದ ಬರುತ್ತಿದ್ದರೆ, ಕನ್ನಡ ವೃತ್ತಿ ನಾಟಕ ಕಂಪನಿಗಳು ಗದಗ, ಹುಬ್ಬಳ್ಳಿಗಳ ಕಡೆಯಿಂದ ಬರುತ್ತಿದ್ದವು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಇಂದಿಗೂ ಬೀಡುಬಿಡುತ್ತವೆ. ಜಾತ್ರೆಗಳಿಗೆ ಡೇರೆ ಹಾಕಿಕೊಂಡು ಬರುತ್ತಿದ್ದ ಟೂರಿಂಗ್ ಟಾಕೀಸುಗಳು ಈ ನಾಟಕ ಕಂಪನಿಗಳು ತುಳಿದ ಹಾದಿಯನ್ನೇ ಹಿಡಿದವು. ಶಾಶ್ವತ ಕಟ್ಟಡಗಳು ಬಂದದ್ದು ಅನಂತರ.

ಕನ್ನಡ ಚಿತ್ರರಂಗದ ಆರಂಭಕ್ಕೂ ಈ ಸೀಮೆಯ ನೆರೆಹೊರೆಗೂ ಸಂಬಂಧವಿದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ' ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಪ್ರಭಾತ್ ಫಿಲ್ಮ್ ಕಂಪನಿಯು 1929ರಲ್ಲಿ ಸ್ಥಾಪನೆಯಾದದ್ದೂ ಅದೇ ಊರಿನಲ್ಲಿ. 'ಸತಿ ಸುಲೋಚನಾ' ಚಿತ್ರದ ಪ್ರತಿಯು ಇಂದು ಉಳಿದಿಲ್ಲ. ಒಂದು ಚಲನಚಿತ್ರವೇ ಅಳಿದುಹೋದ ಮೇಲೆ ಅದರ ಭಿತ್ತಿಪತ್ರ, ಹಾಡಿನ ಪುಸ್ತಕ, ಜಾಹೀರಾತು ಮತ್ತು ಅದನ್ನು ತೋರಿಸಿದ ಕಟ್ಟಡ ಮಾತ್ರ ಸಾಕ್ಷ್ಯವಾಗಿ ಉಳಿಯುತ್ತವೆ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

3. ಬೀಳಗಿ ಮತ್ತು ಅಮೀರಬಾಯಿ ಕರ್ನಾಟಕಿ

ಹಿಂದಿ ಚಲನಚಿತ್ರಗಳ ಪ್ರಸಿದ್ಧ ಹಿನ್ನೆಲೆ ಗಾಯಕಿ ಹಾಗೂ ನಟಿ ಅಮೀರಬಾಯಿ ಕರ್ನಾಟಕಿಯವರು ಬೀಳಗಿಯಲ್ಲಿ ಜನಿಸಿದವರು. ಇವರ ಅಕ್ಕ ಗೋಹರಬಾಯಿ ಕರ್ನಾಟಕಿಯವರೂ ಗಾಯಕಿ ಮತ್ತು ನಟಿಯಾಗಿದ್ದು, ಮರಾಠಿ ರಂಗಭೂಮಿಯ ಬಾಲಗಂಧರ್ವರೊಡನೆ ಕೆಲಸ ಮಾಡಿದರು. ಅಮೀರಬಾಯಿಯವರು ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ತೆರಳಿದರು. ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' (1943) ಚಿತ್ರದ ಹಾಡುಗಳು ಇವರನ್ನು ದೇಶದಾದ್ಯಂತ ಮನೆಮಾತಾಗಿಸಿದವು. ಆ ಚಿತ್ರವು ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಪ್ರದರ್ಶನ ಕಂಡಿತು. 'ರತನ್' (1944) ಚಿತ್ರದಲ್ಲಿಯೂ ಇವರು ಹಾಡಿದ್ದಾರೆ. 1965ರಲ್ಲಿ ನಿಧನರಾದರು. ಇವರ ಜೀವನವನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ.

ವಿಜಯಪುರ ನಗರದಲ್ಲಿ ಇವರ ಹೆಸರನ್ನು ಹೊತ್ತ 'ಅಮೀರ್ ಟಾಕೀಸು' ಇದ್ದು, ಅವರ ಬಂಧುವರ್ಗದವರು ಅದನ್ನು ನಡೆಸಿಕೊಂಡು ಬಂದರು. ಊರು ಬಿಟ್ಟು ಹೋದ ಕಲಾವಿದೆಯೊಬ್ಬರ ಹೆಸರು ತವರಿನ ಜಿಲ್ಲೆಯಲ್ಲಿ ಉಳಿದದ್ದು ಪ್ರತಿಮೆಯ ಮೇಲಲ್ಲ, ಚಿತ್ರಮಂದಿರದ ಫಲಕದ ಮೇಲೆ. ಚಿತ್ರಮಂದಿರವನ್ನು ಪರಂಪರೆಯ ಸ್ಥಳವೆಂದು ಪರಿಗಣಿಸುವಾಗ ಅದರ ವಾಸ್ತುಶಿಲ್ಪವನ್ನು ಮಾತ್ರವಲ್ಲದೆ ಅದಕ್ಕೆ ಸಂಬಂಧಿಸಿದ ವ್ಯಕ್ತಿ ಹಾಗೂ ಘಟನೆಗಳನ್ನೂ ಏಕೆ ದಾಖಲಿಸಬೇಕು ಎಂಬುದಕ್ಕೆ ಇದು ಉತ್ತಮ ನಿದರ್ಶನ.

4. ಹಳೆಯ ಚಿತ್ರಮಂದಿರದಲ್ಲಿ ಗಮನಿಸಬೇಕಾದ ಅಂಶಗಳು

ಹಳೆಯ ಟಾಕೀಸಿನ ಕಟ್ಟಡವು ಹೊರನೋಟಕ್ಕೆ ಸಾಧಾರಣವಾಗಿ ಕಾಣಬಹುದು. ಆದರೆ ಅದರ ಪ್ರತಿಯೊಂದು ಭಾಗಕ್ಕೂ ಕಾರಣವಿರುತ್ತದೆ.

(ಅ) ಯಂತ್ರದ ಕೋಣೆ: 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಬಹುಬೇಗ ಹೊತ್ತಿಕೊಳ್ಳುವ ವಸ್ತು. ಒಮ್ಮೆ ಹೊತ್ತಿದರೆ ನೀರಿನಿಂದಲೂ ಆರಿಸುವುದು ಕಷ್ಟ. ಈ ಕಾರಣದಿಂದ ಯಂತ್ರದ ಕೋಣೆಗೆ ದಪ್ಪ ಗೋಡೆ, ಚಿಕ್ಕ ಕಿಂಡಿಗಳು ಮತ್ತು ಕಿಂಡಿಗಳನ್ನು ಕೂಡಲೇ ಮುಚ್ಚಬಲ್ಲ ಕಬ್ಬಿಣದ ಹಲಗೆಗಳನ್ನು ಅಳವಡಿಸಲಾಗುತ್ತಿತ್ತು. ಸುರಕ್ಷಿತ ಫಿಲ್ಮ್ ಬಂದ ಬಳಿಕವೂ ಈ ಪದ್ಧತಿ ಮುಂದುವರಿಯಿತು.

(ಆ) ಹೊಗೆಯ ಕೊಳವೆ: ಹಳೆಯ ಯಂತ್ರಗಳಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಹರಿಸಿ ಬೆಳಕು ಪಡೆಯಲಾಗುತ್ತಿತ್ತು. ಕಡ್ಡಿಗಳು ಉರಿದು ಸವೆಯುತ್ತಿದ್ದುದರಿಂದ ಅವುಗಳ ಅಂತರವನ್ನು ಆಪರೇಟರರು ಆಗಾಗ ಸರಿಪಡಿಸಬೇಕಾಗಿತ್ತು. ಇದರ ಹೊಗೆ ಹೊರಹೋಗಲು ಛಾವಣಿಯವರೆಗೆ ಕೊಳವೆ ಇರುತ್ತಿತ್ತು.

(ಇ) ಜೋಡಿ ಯಂತ್ರಗಳು: 35 ಮಿ.ಮೀ. ಚಿತ್ರವು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವಾಗ ನಿಮಿಷಕ್ಕೆ 90 ಅಡಿ ಫಿಲ್ಮ್ ಸಾಗುತ್ತದೆ. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷಗಳಲ್ಲಿ ಮುಗಿಯುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಇಂತಹ ಸುಮಾರು 14 ರೀಲುಗಳು ಬೇಕು. ಒಂದು ಯಂತ್ರದಲ್ಲಿ ರೀಲು ಮುಗಿಯುತ್ತಿದ್ದಂತೆ ಪ್ರೇಕ್ಷಕರಿಗೆ ತಿಳಿಯದ ಹಾಗೆ ಇನ್ನೊಂದನ್ನು ಚಾಲನೆ ಮಾಡುವುದು ಆಪರೇಟರರ ಕೌಶಲವಾಗಿತ್ತು.

(ಈ) ಆಸನ ವ್ಯವಸ್ಥೆ: ಬಾಲ್ಕನಿ, ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಹಾಗೂ ಪರದೆಯ ಮುಂದಿನ 'ಗಾಂಧಿ ಕ್ಲಾಸ್' ಎಂಬ ವಿಂಗಡಣೆ, ಹೆಂಗಸರಿಗಾಗಿ ಮೀಸಲಿದ್ದ ಟಿಕೆಟ್ ಕಿಟಕಿ, ಪ್ರತ್ಯೇಕ ಬಾಗಿಲುಗಳು ಆ ಕಾಲದ ಸಾಮಾಜಿಕ ಜೀವನವನ್ನು ತಿಳಿಸುತ್ತವೆ. ನಾಟಕಗೃಹವಾಗಿ ಆರಂಭಗೊಂಡ ಕಟ್ಟಡಗಳಲ್ಲಿ ಪರದೆಯ ಹಿಂದೆ ರಂಗಸ್ಥಳ ಮತ್ತು ಬಣ್ಣದ ಕೋಣೆಗಳನ್ನೂ ಕಾಣಬಹುದು.

(ಉ) ಬರಹಗಳು: ಟಿಕೆಟ್ ದರದ ಫಲಕ, ಆಸನ ಸಂಖ್ಯೆ, ಶಿಲಾನ್ಯಾಸದ ಕಲ್ಲು, ಹೆಸರಿನ ಫಲಕಗಳಲ್ಲಿನ ಕನ್ನಡ, ಮರಾಠಿ ಬರಹಗಳು ಗಡಿಭಾಗದ ಭಾಷಾಚರಿತ್ರೆಗೂ ಆಧಾರಗಳು. ಬಣ್ಣ ಬಳಿಸುವಾಗ ಮೊದಲು ಅಳಿಯುವುದು ಇವೇ. ಆದುದರಿಂದ ಭಾವಚಿತ್ರ ತೆಗೆಯುವವರು ಇವುಗಳಿಗೆ ಆದ್ಯತೆ ನೀಡುವುದು ಸೂಕ್ತ.

5. ಭೇಟಿ ನೀಡುವವರಿಗೆ ಸೂಚನೆಗಳು

ಸಮೀಪದ ರೈಲು ನಿಲ್ದಾಣಗಳಲ್ಲಿ ಗದಗ–ಹೊಟಗಿ ಮಾರ್ಗದ ಬಾಗಲಕೋಟೆ ಹಾಗೂ ಬೆಳಗಾವಿ–ಮೀರಜ್ ಮಾರ್ಗದ ಕುಡಚಿ ಸೇರಿವೆ. ನಾಲ್ಕೂ ಸ್ಥಳಗಳಿಗೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳ ಸೌಲಭ್ಯವಿದೆ. ಭೇಟಿಯ ಜೊತೆಗೆ ಜಮಖಂಡಿಯ ರಾಮತೀರ್ಥ ಅರಮನೆ, ಕವಿಚಕ್ರವರ್ತಿ ರನ್ನನ ನಾಡಾದ ಮುಧೋಳ, ಬೀಳಗಿಯ ಅರೆತ್ತಿನ ಬಾವಿ ಹಾಗೂ ರಬಕವಿ–ಬನಹಟ್ಟಿಯ ನೇಕಾರಿಕೆಯನ್ನು ನೋಡಬಹುದು.

ಭೇಟಿ ನೀಡುವವರು ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು:

1) ಪ್ರದರ್ಶನ ನಡೆಯುತ್ತಿರುವ ಚಿತ್ರಮಂದಿರಕ್ಕೆ ಟಿಕೆಟ್ ಪಡೆದು ಹೋಗುವುದೇ ಅತ್ಯುತ್ತಮ ಭೇಟಿ. ಟಿಕೆಟ್ ಮಾರಾಟವೇ ಅದರ ಆದಾಯ. ಪ್ರದರ್ಶನ ಸಮಯವನ್ನು ಸ್ಥಳದಲ್ಲಿಯೇ ಖಚಿತಪಡಿಸಿಕೊಳ್ಳುವುದು.

2) ಯಂತ್ರದ ಕೋಣೆ, ಬಾಲ್ಕನಿಯ ಹಿಂಭಾಗ ಮುಂತಾದ ಸ್ಥಳಗಳನ್ನು ನೋಡಲು ಮಾಲೀಕರ ಅಥವಾ ವ್ಯವಸ್ಥಾಪಕರ ಪೂರ್ವಾನುಮತಿ ಪಡೆಯುವುದು. ಬೆಳಗಿನ ಪ್ರದರ್ಶನಕ್ಕೆ ಮುಂಚಿನ ಸಮಯ ಇದಕ್ಕೆ ಅನುಕೂಲ.

3) ಪ್ರದರ್ಶನದ ವೇಳೆ ಪರದೆಯ ಮೇಲಿನ ಚಿತ್ರವನ್ನು ಮೊಬೈಲ್ ಅಥವಾ ಕ್ಯಾಮೆರಾದಲ್ಲಿ ಮುದ್ರಿಸಿಕೊಳ್ಳುವುದು ಅಪರಾಧ. ಸಿನೆಮಾಟೋಗ್ರಾಫ್ (ತಿದ್ದುಪಡಿ) ಅಧಿನಿಯಮ, 2023ರ ಮೇರೆಗೆ ಇದಕ್ಕೆ 3 ತಿಂಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ ಕನಿಷ್ಠ 3 ಲಕ್ಷ ರೂ. ದಂಡ ವಿಧಿಸಬಹುದು. ಕಟ್ಟಡದ ಭಾವಚಿತ್ರಗಳನ್ನು ಪ್ರದರ್ಶನವಿಲ್ಲದ ವೇಳೆಯಲ್ಲಿ, ಅನುಮತಿ ಪಡೆದು ತೆಗೆಯುವುದು.

4) ಮುಚ್ಚಿರುವ ಕಟ್ಟಡದೊಳಗೆ ಅನುಮತಿಯಿಲ್ಲದೆ ಪ್ರವೇಶಿಸಬಾರದು. ಶಿಥಿಲವಾದ ಬಾಲ್ಕನಿ, ತುಕ್ಕು ಹಿಡಿದ ತಗಡು, ಒಡೆದ ಕಲ್ನಾರಿನ ಹಾಳೆ ಹಾಗೂ ಹಳೆಯ ವಿದ್ಯುತ್ ತಂತಿಗಳಿಂದ ಅಪಾಯವಿದೆ. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿಕರ.

5) ಟಿಕೆಟ್ ಪುಸ್ತಕ, ಫಲಕ, ರೀಲಿನ ತುಣುಕು ಮುಂತಾದ ಯಾವ ವಸ್ತುವನ್ನೂ ನೆನಪಿಗಾಗಿ ತೆಗೆದುಕೊಂಡು ಹೋಗಬಾರದು.

6. ಹಳೆಯ ದಾಖಲೆಗಳನ್ನು ಪಡೆಯುವ ವಿಧಾನ

ಬ್ರಿಟಿಷ್ ಆಡಳಿತದ ಪ್ರದೇಶದಲ್ಲಿ 1918ರ ಸಿನೆಮಾಟೋಗ್ರಾಫ್ ಅಧಿನಿಯಮದಿಂದಲೇ ಚಿತ್ರಪ್ರದರ್ಶನಕ್ಕೆ ಲೈಸೆನ್ಸು ಕಡ್ಡಾಯವಾಯಿತು. ಸ್ವಾತಂತ್ರ್ಯಾನಂತರ ಈ ಭಾಗಕ್ಕೆ 1953ರ ಮುಂಬಯಿ ಸಿನೆಮಾ (ನಿಯಂತ್ರಣ) ಅಧಿನಿಯಮ ಅನ್ವಯಿಸುತ್ತಿತ್ತು. ಅನಂತರ ಇಡೀ ರಾಜ್ಯಕ್ಕೆ ಕರ್ನಾಟಕ ಸಿನೆಮಾ (ನಿಯಂತ್ರಣ) ಅಧಿನಿಯಮ, 1964 ಮತ್ತು 1971ರ ನಿಯಮಗಳು ಜಾರಿಗೆ ಬಂದವು. ಇವುಗಳ ಮೇರೆಗೆ ಜಿಲ್ಲಾ ದಂಡಾಧಿಕಾರಿಗಳು ಲೈಸೆನ್ಸು ಪ್ರಾಧಿಕಾರವಾಗಿರುತ್ತಾರೆ. ಆದುದರಿಂದ ಒಂದು ಚಿತ್ರಮಂದಿರದ ನಕ್ಷೆ, ಆಸನ ಸಂಖ್ಯೆ, ತಪಾಸಣಾ ವರದಿ, ನವೀಕರಣದ ಪತ್ರವ್ಯವಹಾರಗಳು ಲೈಸೆನ್ಸಿನ ಕಡತದಲ್ಲಿಯೇ ಇರುವುದು ವಾಡಿಕೆ. ಚಿತ್ರಮಂದಿರದ ಚರಿತ್ರೆ ಬರೆಯುವವರಿಗೆ ಇದಕ್ಕಿಂತ ಉತ್ತಮ ಆಧಾರವಿಲ್ಲ.

ದಾಖಲೆಗಳನ್ನು ಹುಡುಕಬೇಕಾದ ಸ್ಥಳಗಳು:

• 1997ರ ನಂತರದ ಅವಧಿ: ಜಿಲ್ಲಾಧಿಕಾರಿಗಳ ಕಚೇರಿ, ನವನಗರ, ಬಾಗಲಕೋಟೆ.

• 1956ರಿಂದ 1997ರವರೆಗಿನ ಅವಧಿ: ಬಾಗಲಕೋಟೆಯ ಜೊತೆಗೆ ವಿಜಯಪುರ ಜಿಲ್ಲಾಧಿಕಾರಿಗಳ ಕಚೇರಿಯ ಅಭಿಲೇಖಾಲಯದಲ್ಲಿಯೂ ವಿಚಾರಿಸತಕ್ಕದ್ದು.

• 1956ಕ್ಕಿಂತ ಹಿಂದಿನ ಅವಧಿ: ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ಧಾರವಾಡ ವಿಭಾಗೀಯ ಕಚೇರಿ ಹಾಗೂ ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸುವುದು.

• ಸಂಸ್ಥಾನಗಳ ಕಾಲ: ಮಹಾರಾಷ್ಟ್ರ ಪತ್ರಾಗಾರದ ಕೊಲ್ಹಾಪುರ ಕಚೇರಿಯಲ್ಲಿ ವಿಚಾರಿಸುವುದು. ರಬಕವಿ–ಬನಹಟ್ಟಿಯ ಬಗ್ಗೆ ಹುಡುಕುವವರು ಸಾಂಗ್ಲಿ ಮತ್ತು ಜಮಖಂಡಿ ಎರಡೂ ಸಂಸ್ಥಾನಗಳ ಕಾಗದಪತ್ರಗಳನ್ನು ನೋಡಬೇಕು. ಆ ಕಾಲದ ಮರಾಠಿ ಕಡತಗಳು ಮೋಡಿ ಲಿಪಿಯಲ್ಲಿಯೂ ಇರುವುದರಿಂದ ಮೋಡಿ ಓದಬಲ್ಲವರ ನೆರವು ಬೇಕಾಗುತ್ತದೆ.

• ಆಸ್ತಿಯ ವಿವರ: ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ತೆರಿಗೆ ವಹಿ ಮತ್ತು ನಗರ ಭೂಮಾಪನ ದಾಖಲೆಗಳು.

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಯಾವುದೇ ನಾಗರಿಕರು ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಶುಲ್ಕ 10 ರೂ. ಬಡತನ ರೇಖೆಗಿಂತ ಕೆಳಗಿರುವವರಿಗೆ ಅರ್ಜಿ ಶುಲ್ಕವಿಲ್ಲ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಹಾಗೂ 150 ಪದಗಳನ್ನು ಮೀರಬಾರದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ಉತ್ತರ ಬಾರದಿದ್ದಲ್ಲಿ ಅಥವಾ ಸಮರ್ಪಕವಲ್ಲದಿದ್ದಲ್ಲಿ ಮೇಲ್ಮನವಿಗೆ ಅವಕಾಶವಿದೆ.

ಅರ್ಜಿಯಲ್ಲಿ "ಚಿತ್ರಮಂದಿರದ ಎಲ್ಲ ಮಾಹಿತಿ ಕೊಡಿ" ಎಂದು ಬರೆದರೆ ಪ್ರಯೋಜನವಾಗುವುದಿಲ್ಲ. ಚಿತ್ರಮಂದಿರದ ಹೆಸರು, ಊರು, ನಗರ ಭೂಮಾಪನ ಸಂಖ್ಯೆ, ಅಂದಾಜು ಅವಧಿಯನ್ನು ನಮೂದಿಸಿ, "ಲೈಸೆನ್ಸು ಕಡತವನ್ನು ಪರಿಶೀಲಿಸಲು ಅವಕಾಶ ಹಾಗೂ ಮಂಜೂರಾದ ನಕ್ಷೆಯ ಪ್ರತಿ" ಎಂದು ನಿರ್ದಿಷ್ಟವಾಗಿ ಕೋರುವುದು. ಕಡತವನ್ನು ಖುದ್ದಾಗಿ ಪರಿಶೀಲಿಸಿದ ನಂತರ ಬೇಕಾದ ಪುಟಗಳ ಪ್ರತಿಯನ್ನು ಮಾತ್ರ ಪಡೆದರೆ ಹಣ ಮತ್ತು ಸಮಯ ಉಳಿಯುತ್ತದೆ. ಮಾಲೀಕರ ಖಾಸಗಿ ವಿವರಗಳನ್ನು ಬಹಿರಂಗಪಡಿಸದಿರಲು ಕಾನೂನಿನಲ್ಲಿ ಅವಕಾಶವಿದೆ ಎಂಬುದನ್ನು ಅರ್ಜಿದಾರರು ತಿಳಿದಿರಬೇಕು.

7. ಚಿತ್ರಮಂದಿರಗಳು ಮುಚ್ಚಲು ಕಾರಣಗಳು

ದೂರದರ್ಶನ, ವಿಡಿಯೋ, ಕೇಬಲ್ ಹಾಗೂ ಮೊಬೈಲ್‌ಗಳು ಒಂದರ ನಂತರ ಒಂದರಂತೆ ಪ್ರೇಕ್ಷಕರನ್ನು ಮನೆಯಲ್ಲಿಯೇ ಉಳಿಸಿದವು. 2005ರ ನಂತರ ಡಿಜಿಟಲ್ ಪ್ರದರ್ಶನ ವ್ಯವಸ್ಥೆ ಹರಡಿತು. ಇದರಿಂದ ಹೊಸ ಚಿತ್ರಗಳು ಸಣ್ಣ ಪಟ್ಟಣಗಳಿಗೂ ಬಿಡುಗಡೆಯ ದಿನವೇ ತಲುಪುವಂತಾಯಿತು. ಆದರೆ ಯಂತ್ರೋಪಕರಣದ ವೆಚ್ಚ ಮತ್ತು ಬಾಡಿಗೆ ಮಾಲೀಕರ ಮೇಲೆ ಬಿದ್ದಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಚಿತ್ರಮಂದಿರಗಳು ತಿಂಗಳುಗಟ್ಟಲೆ ಮುಚ್ಚಿದವು. ಮೈಸೂರಿನ ಶಾಂತಲಾ, ಲಕ್ಷ್ಮೀ, ಸರಸ್ವತಿ ಚಿತ್ರಮಂದಿರಗಳು 2020 ಮತ್ತು 2021ರಲ್ಲಿ ಶಾಶ್ವತವಾಗಿ ಮುಚ್ಚಿದವು. ಬೆಂಗಳೂರಿನ ಗಾಂಧಿನಗರದಲ್ಲಿದ್ದ ಪ್ರಸಿದ್ಧ ಕಪಾಲಿ ಚಿತ್ರಮಂದಿರವನ್ನು ಅದಕ್ಕೂ ಮೊದಲೇ ಕೆಡವಲಾಗಿತ್ತು. ದೊಡ್ಡ ನಗರಗಳ ಸ್ಥಿತಿಯೇ ಹೀಗಿರುವಾಗ ಸಣ್ಣ ಪಟ್ಟಣದ ಮಾಲೀಕರ ಕಷ್ಟವನ್ನು ಊಹಿಸಬಹುದು. ಬಸ್ ನಿಲ್ದಾಣ ಅಥವಾ ಪೇಟೆಯ ಸಮೀಪವಿರುವ ಟಾಕೀಸಿನ ನಿವೇಶನದ ಬೆಲೆ ಏರುತ್ತಿದ್ದರೆ, ಅದರೊಳಗಿನ ಆದಾಯ ಇಳಿಯುತ್ತಿರುತ್ತದೆ.

ತೆರಿಗೆಯ ವಿಷಯದಲ್ಲಿ ಒಂದು ಅನುಕೂಲ ಉಂಟಾಗಿದೆ. 2017ರ ಜುಲೈ 1ರಿಂದ ರಾಜ್ಯದ ಮನರಂಜನಾ ತೆರಿಗೆಯ ಸ್ಥಾನದಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ 100 ರೂ. ಹಾಗೂ ಅದಕ್ಕಿಂತ ಕಡಿಮೆ ದರದ ಟಿಕೆಟ್ಟುಗಳ ಮೇಲಿನ ತೆರಿಗೆಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಕಡಿಮೆ ದರದ ಏಕಪರದೆ ಚಿತ್ರಮಂದಿರಗಳಿಗೆ ಇದರಿಂದ ಪ್ರಯೋಜನವಿದೆ.

8. ಕಾನೂನಿನ ರಕ್ಷಣೆ: ಇರುವುದು ಮತ್ತು ಇಲ್ಲದಿರುವುದು

ಕರ್ನಾಟಕ ಪ್ರಾಚೀನ ಮತ್ತು ಐತಿಹಾಸಿಕ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ, 1961ರ ಮೇರೆಗೆ ಸ್ಮಾರಕವೆಂದು ಪರಿಗಣಿತವಾಗಲು ಕಟ್ಟಡವು ಕನಿಷ್ಠ 100 ವರ್ಷಗಳಷ್ಟು ಹಳೆಯದಾಗಿರಬೇಕು. ಭಾರತದಲ್ಲಿ ಮೊದಲ ವಾಕ್ಚಿತ್ರ ಬಂದದ್ದೇ 1931ರಲ್ಲಿ. ಹೀಗಾಗಿ ಟಾಕೀಸು ಎಂದೇ ಕಟ್ಟಿದ ಯಾವ ಕಟ್ಟಡವೂ ಈವರೆಗೆ ನೂರು ವರ್ಷ ತುಂಬಿಲ್ಲ. ಮೊದಲು ನಾಟಕಗೃಹವಾಗಿದ್ದು ಅನಂತರ ಚಿತ್ರಮಂದಿರವಾದ ಕಟ್ಟಡಗಳು ಮಾತ್ರ ಈ ಅರ್ಹತೆಯನ್ನು ಪಡೆಯಬಹುದು. ಅಂತಹ ಕಟ್ಟಡವಿದ್ದಲ್ಲಿ ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಮನವಿ ಸಲ್ಲಿಸಬಹುದು.

ನೂರು ವರ್ಷ ತುಂಬದ ಕಟ್ಟಡಗಳಿಗೆ ಇನ್ನೊಂದು ಮಾರ್ಗವಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಲ್ಲಿ ಪಾರಂಪರಿಕ ಕಟ್ಟಡದ ಪರಿಭಾಷೆಯಿದ್ದು, ವಾಸ್ತುಶಿಲ್ಪ, ಸೌಂದರ್ಯ, ಚರಿತ್ರೆ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮಹತ್ವವುಳ್ಳ ಕಟ್ಟಡವನ್ನು ಯೋಜನಾ ಪ್ರಾಧಿಕಾರವು ಹಾಗೆಂದು ಘೋಷಿಸಲು ಅವಕಾಶವಿದೆ. ಇದಕ್ಕೆ ಸಲ್ಲಿಸುವ ಮನವಿಯೊಂದಿಗೆ ಈ ಕೆಳಕಂಡ ದಾಖಲೆಗಳನ್ನು ಲಗತ್ತಿಸುವುದು ಸೂಕ್ತ:

1) ಕಟ್ಟಡದ ವಿಳಾಸ, ನಗರ ಭೂಮಾಪನ ಸಂಖ್ಯೆ ಮತ್ತು ಸ್ಥಳದ ನಕ್ಷೆ;
2) ನಾಲ್ಕೂ ದಿಕ್ಕಿನಿಂದ ತೆಗೆದ ಭಾವಚಿತ್ರಗಳು (ದಿನಾಂಕ ಸಹಿತ);
3) ನಿರ್ಮಾಣದ ವರ್ಷಕ್ಕೆ ಆಧಾರವಾದ ಲೈಸೆನ್ಸು, ಶಿಲಾಫಲಕ ಅಥವಾ ಪತ್ರಿಕಾ ಜಾಹೀರಾತಿನ ಪ್ರತಿ;
4) ಕಟ್ಟಡದ ಮಹತ್ವವನ್ನು ತಿಳಿಸುವ ಒಂದು ಪುಟದ ಟಿಪ್ಪಣಿ;
5) ಮಾಲೀಕರ ಒಪ್ಪಿಗೆ ಪತ್ರ (ಇದ್ದಲ್ಲಿ).

ಮಾಲೀಕರ ಒಪ್ಪಿಗೆಯಿಲ್ಲದ ಸಂರಕ್ಷಣೆ ಹೆಚ್ಚು ದಿನ ನಿಲ್ಲುವುದಿಲ್ಲ. ನಷ್ಟದಲ್ಲಿರುವ ಕುಟುಂಬವೊಂದರ ಮೇಲೆ ಊರಿನ ನೆನಪಿನ ಹೊರೆಯನ್ನೆಲ್ಲ ಹೊರಿಸುವುದು ನ್ಯಾಯವೂ ಅಲ್ಲ. ಆದುದರಿಂದ ಮನವಿ ಸಲ್ಲಿಸುವ ಮುನ್ನ ಮಾಲೀಕರೊಡನೆ ಚರ್ಚಿಸಿ, ಕಟ್ಟಡದ ಯಾವ ಭಾಗ ಉಳಿಯಬೇಕು, ಯಾವ ಭಾಗ ಬದಲಾಗಬಹುದು ಎಂಬ ಬಗ್ಗೆ ಒಮ್ಮತಕ್ಕೆ ಬರುವುದು ಅಗತ್ಯ.

9. ಮಾಲೀಕರ ಗಮನಕ್ಕೆ

ಪ್ರದರ್ಶನ ಮುಂದುವರಿಸುವ ಅಥವಾ ನಿಂತ ಚಿತ್ರಮಂದಿರವನ್ನು ಪುನಃ ತೆರೆಯುವ ಮಾಲೀಕರು ಜಿಲ್ಲಾ ದಂಡಾಧಿಕಾರಿಗಳಿಂದ ಲೈಸೆನ್ಸು ಪಡೆದಿರತಕ್ಕದ್ದು. ಕಟ್ಟಡದ ಭದ್ರತೆಗೆ ಲೋಕೋಪಯೋಗಿ ಇಲಾಖೆ, ವಿದ್ಯುತ್ ಅಳವಡಿಕೆಗೆ ವಿದ್ಯುತ್ ಪರಿವೀಕ್ಷಣಾಲಯ, ಅಗ್ನಿ ಸುರಕ್ಷತೆಗೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗಳನ್ನು ಸಂಪರ್ಕಿಸುವುದು. ಪುನರ್ನಿರ್ಮಾಣ ಅಥವಾ ದೊಡ್ಡ ಬದಲಾವಣೆಗೆ ಮುಂಚಿತವಾಗಿಯೇ ಅನುಮತಿ ಪಡೆಯತಕ್ಕದ್ದು. ಕೆಲಸ ಮುಗಿಸಿದ ನಂತರ ಅರ್ಜಿ ಸಲ್ಲಿಸುವುದರಿಂದ ವಿಳಂಬ ಮತ್ತು ವೆಚ್ಚ ಎರಡೂ ಹೆಚ್ಚುತ್ತವೆ.

ಅಗ್ನಿ ಸುರಕ್ಷತೆಯನ್ನು ಕೇವಲ ಕಾಗದದ ವಿಧಿಯೆಂದು ಭಾವಿಸಬಾರದು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಸಂಭವಿಸಿದ ಬೆಂಕಿ ಅವಘಡದಲ್ಲಿ 59 ಜನರು ಪ್ರಾಣ ಕಳೆದುಕೊಂಡರು. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ, 1915ರಿಂದ ಬಳಕೆಯಲ್ಲಿದ್ದ ಕೇಶವರಾವ್ ಭೋಸಲೆ ನಾಟ್ಯಗೃಹವು 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಆಹುತಿಯಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದು ಒಂದೇ ರಾತ್ರಿಯಲ್ಲಿ ಸುಟ್ಟುಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ. ಹಳೆಯ ಕಟ್ಟಡದ ಸಂರಕ್ಷಣೆಯು ಹಳೆಯ ವಿದ್ಯುತ್ ತಂತಿಗಳನ್ನು ಬದಲಿಸುವುದರಿಂದಲೇ ಆರಂಭವಾಗಬೇಕು. ನಿರ್ಗಮನ ಬಾಗಿಲುಗಳಿಗೆ ಬೀಗ ಹಾಕುವುದು, ಮೆಟ್ಟಿಲುಗಳ ಮೇಲೆ ಸಾಮಾನು ಇಡುವುದು ಯಾವ ಕಾರಣಕ್ಕೂ ಸಲ್ಲದು.

ಹಳೆಯದನ್ನು ಉಳಿಸಿಕೊಂಡೇ ಹೊಸ ಬಳಕೆಗೆ ತಂದ ಉದಾಹರಣೆಗಳೂ ಇವೆ. ಮುಂಬಯಿಯ ರಾಯಲ್ ಒಪೆರಾ ಹೌಸ್ ದೀರ್ಘಕಾಲ ಮುಚ್ಚಿದ್ದು, ಜೀರ್ಣೋದ್ಧಾರದ ನಂತರ 2016ರಲ್ಲಿ ಮತ್ತೆ ತೆರೆಯಿತು. ಅಲ್ಲಿಯ ಈರೋಸ್ ಚಿತ್ರಮಂದಿರ (1938) ವಿಶ್ವ ಪರಂಪರೆಯ ತಾಣದ ಭಾಗವಾಗಿದ್ದು, ಒಳಗೆ ಹೊಸ ಪರದೆಯೊಂದಿಗೆ 2024ರಲ್ಲಿ ಪುನರಾರಂಭಗೊಂಡಿತು. ಇವು ಮಹಾನಗರದ ದೊಡ್ಡ ವೆಚ್ಚದ ಕೆಲಸಗಳು. ಆದರೆ ಮುಖಮಂಟಪ, ಹೆಸರಿನ ಫಲಕ ಮತ್ತು ರಂಗಸ್ಥಳವನ್ನು ಉಳಿಸಿಕೊಂಡು ಸಭಾಂಗಣವನ್ನು ನಾಟಕ, ಶಾಲಾ ಸಮಾರಂಭ ಹಾಗೂ ಚಿತ್ರಪ್ರದರ್ಶನ ಮೂರಕ್ಕೂ ಬಳಸುವುದು ಸಣ್ಣ ಪಟ್ಟಣದಲ್ಲಿಯೂ ಸಾಧ್ಯ. ವೃತ್ತಿ ನಾಟಕ ಕಂಪನಿಗಳ ಪರಂಪರೆ ಇನ್ನೂ ಜೀವಂತವಾಗಿರುವ ಈ ಜಿಲ್ಲೆಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

10. ರೀಲು, ಭಿತ್ತಿಪತ್ರ ಹಾಗೂ ಕಾಗದಪತ್ರಗಳು

ಮುಚ್ಚಿದ ಚಿತ್ರಮಂದಿರಗಳಲ್ಲಿ ರೀಲಿನ ಡಬ್ಬಿಗಳು ದೊರೆತಲ್ಲಿ ಅವುಗಳನ್ನು ಗುಜರಿಗೆ ಹಾಕಬಾರದು. ಫಿಲ್ಮಿನಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಅನೇಕ ಹಳೆಯ ಚಿತ್ರಗಳ ಪ್ರತಿಗಳು ಹೀಗೆಯೇ ನಾಶವಾಗಿವೆ. ವಿನೆಗರ್‌ನಂತಹ ಹುಳಿ ವಾಸನೆ ಬಂದರೆ ಫಿಲ್ಮ್ ಕೆಡಲು ಆರಂಭಿಸಿದೆ ಎಂದರ್ಥ. ಅದನ್ನು ಇತರ ರೀಲುಗಳಿಂದ ಬೇರ್ಪಡಿಸಿ ಗಾಳಿಯಾಡುವ, ತಂಪಾದ, ಒಣ ಸ್ಥಳದಲ್ಲಿ ಇಡುವುದು. 1950ರ ದಶಕಕ್ಕಿಂತ ಹಿಂದಿನ ಫಿಲ್ಮ್ ಇದ್ದಲ್ಲಿ ಬೆಂಕಿ, ಬೀಡಿ, ಬಿಸಿಲಿನಿಂದ ದೂರವಿರಿಸಿ ಕೂಡಲೇ ತಜ್ಞರನ್ನು ಸಂಪರ್ಕಿಸುವುದು. 1964ರಲ್ಲಿ ಸ್ಥಾಪನೆಯಾಗಿ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಅಂಗವಾಗಿರುವ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಗಳೊಡನೆ ಭಿತ್ತಿಪತ್ರ, ಸ್ಥಿರಚಿತ್ರ ಹಾಗೂ ಹಾಡಿನ ಪುಸ್ತಕಗಳನ್ನೂ ಸಂಗ್ರಹಿಸುತ್ತದೆ. ಕನ್ನಡ ಚಿತ್ರಗಳಿಗೆ ಸಂಬಂಧಿಸಿದಂತೆ ಬೆಂಗಳೂರಿನ ಕರ್ನಾಟಕ ಚಲನಚಿತ್ರ ಅಕಾಡೆಮಿಯನ್ನೂ ಸಂಪರ್ಕಿಸಬಹುದು.

2019ರ ಪ್ರವಾಹದಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರು ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿ ಭಾಗಗಳಲ್ಲಿ ನುಗ್ಗಿತ್ತು. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗವೇ ಮುಳುಗಡೆಯಾಯಿತು. ನೀರು ಬಂದ ಊರಿನಲ್ಲಿ ಕಾಗದ ಉಳಿಯುವುದಿಲ್ಲ. ಆದುದರಿಂದ ಹಳೆಯ ಲೈಸೆನ್ಸು, ಲೆಕ್ಕದ ವಹಿ, ಭಾವಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿ ಇಡುವುದು ಒಳಿತು.

ಕಾಗದಕ್ಕಿಂತಲೂ ಬೇಗ ಕೈತಪ್ಪುವುದು ಜನರ ನೆನಪು. ಹಳೆಯ ಆಪರೇಟರರು, ಗೇಟ್‌ಕೀಪರರು, ಭಿತ್ತಿಪತ್ರ ಅಂಟಿಸುವವರು, ಫಲಕ ಬರೆಯುತ್ತಿದ್ದ ಕಲಾವಿದರು ಇಂದು ವೃದ್ಧರಾಗಿದ್ದಾರೆ. ಅವರ ಒಪ್ಪಿಗೆ ಪಡೆದು ಧ್ವನಿಮುದ್ರಣ ಮಾಡಿಕೊಳ್ಳುವುದಕ್ಕೆ ಯಾವ ಕಚೇರಿಯ ಅನುಮತಿಯೂ ಬೇಕಿಲ್ಲ. ಕಾಲೇಜುಗಳು ಇದನ್ನು ವಿದ್ಯಾರ್ಥಿಗಳ ಯೋಜನಾ ಕಾರ್ಯವಾಗಿ ಕೈಗೊಳ್ಳಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಾರಂಪರಿಕ ಕಟ್ಟಡವೆಂದು ಘೋಷಿತವಾದರೆ ಮಾಲೀಕತ್ವ ಸರ್ಕಾರಕ್ಕೆ ಹೋಗುವುದೇ?
ಉತ್ತರ: ಇಲ್ಲ. ಮಾಲೀಕತ್ವ ಬದಲಾಗುವುದಿಲ್ಲ. ಕಟ್ಟಡದ ಬದಲಾವಣೆ ಅಥವಾ ಕೆಡವುವಿಕೆಗೆ ನಿರ್ಬಂಧಗಳು ಅನ್ವಯಿಸುತ್ತವೆ.

ಪ್ರಶ್ನೆ: ಮಾಲೀಕರು ಕೆಡವಲು ತೀರ್ಮಾನಿಸಿದ್ದಾರೆ. ಸಾರ್ವಜನಿಕರು ಏನು ಮಾಡಬಹುದು?
ಉತ್ತರ: ಘೋಷಣೆಯಾಗದ ಖಾಸಗಿ ಕಟ್ಟಡವನ್ನು ಅನುಮತಿ ಪಡೆದು ಕೆಡವಲು ಮಾಲೀಕರಿಗೆ ಹಕ್ಕಿದೆ. ಅಂತಹ ಸಂದರ್ಭದಲ್ಲಿ ಅವರ ಸಮ್ಮತಿಯಿಂದ ಅಳತೆ, ಭಾವಚಿತ್ರಗಳನ್ನು ತೆಗೆದುಕೊಂಡು, ಹೆಸರಿನ ಫಲಕ, ಯಂತ್ರ, ಟಿಕೆಟ್ ಪೆಟ್ಟಿಗೆಗಳನ್ನು ಸ್ಥಳೀಯ ಕಾಲೇಜು ಅಥವಾ ಗ್ರಂಥಾಲಯಕ್ಕೆ ದಾನವಾಗಿ ಕೋರಬಹುದು.

ಪ್ರಶ್ನೆ: ಚಿತ್ರಮಂದಿರ ಆರಂಭವಾದ ವರ್ಷ ತಿಳಿಯದಿದ್ದರೆ?
ಉತ್ತರ: ಲೈಸೆನ್ಸು ಕಡತ, ತೆರಿಗೆ ವಹಿ ಹಾಗೂ 'ಸಂಯುಕ್ತ ಕರ್ನಾಟಕ'ದಂತಹ ಪತ್ರಿಕೆಗಳ ಹಳೆಯ ಸಂಚಿಕೆಗಳ ಜಾಹೀರಾತುಗಳನ್ನು ಹೋಲಿಸಿ ನೋಡುವುದು. ಕೇವಲ ಹೇಳಿಕೆಯ ಆಧಾರದ ಮೇಲೆ ವರ್ಷವನ್ನು ಮನವಿಯಲ್ಲಿ ನಮೂದಿಸಬಾರದು.

12. ಮುಕ್ತಾಯ

ಸರ್ಕಾರದ ಕಡತ, ಮಾಲೀಕರ ಇಚ್ಛೆ ಮತ್ತು ಊರಿನವರ ಆಸಕ್ತಿ ಈ ಮೂರೂ ಕೂಡಿದಾಗ ಮಾತ್ರ ಹಳೆಯ ಚಿತ್ರಮಂದಿರವೊಂದು ಉಳಿಯಲು ಸಾಧ್ಯ. ಎಲ್ಲವನ್ನೂ ಉಳಿಸಲಾಗದಿದ್ದರೂ ಎಲ್ಲವನ್ನೂ ದಾಖಲಿಸಬಹುದು. ಸಾರ್ವಜನಿಕರು ತಮ್ಮ ಊರಿನ ಟಾಕೀಸಿನ ಒಂದು ಭಾವಚಿತ್ರ, ಒಂದು ನಕ್ಷೆ ಹಾಗೂ ಅಲ್ಲಿ ದುಡಿದ ಒಬ್ಬರ ಮಾತನ್ನಾದರೂ ಕಟ್ಟಡ ನಿಂತಿರುವಾಗಲೇ ಸಂಗ್ರಹಿಸಿಟ್ಟುಕೊಳ್ಳಬೇಕೆಂದು ಕೋರಲಾಗಿದೆ.